ಮೊಲೆತೊಟ್ಟಿಗೆ ಕಚ್ಚಿಕೊಂಡು ಬೆಳೆದ ಮಿದುಳು

1629ರ ಜೂನ್ ತಿಂಗಳಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ 'ಬಟಾವಿಯ' ಹಡಗು ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯಾಚೆ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ಹಡಗಿನ ಮುಖ್ಯಸ್ಥ ಫ್ರಾನ್ಸಿಸ್ಕೊ ಪೆಲ್ಸಾರ್ಟ್ ಸಣ್ಣ ದೋಣಿಯೊಂದರಲ್ಲಿ ಜಾವಾ ತಲುಪಿ ನೆರವು ತೆಗೆದುಕೊಂಡು ಮರಳಿದ. ಅಷ್ಟರಲ್ಲಿ ದ್ವೀಪಗಳಲ್ಲಿ ಉಳಿದಿದ್ದವರ ನಡುವೆ ದಂಗೆಯೆದ್ದು ನೂರಕ್ಕೂ ಹೆಚ್ಚು ಜನ ಕೊಲೆಯಾಗಿ ಹೋಗಿದ್ದರು. ಪೆಲ್ಸಾರ್ಟ್ ವಿಚಾರಣೆ ನಡೆಸಿದ, ತಪ್ಪಿತಸ್ಥರನ್ನು ಗಲ್ಲಿಗೇರಿಸಿದ, ಮುಳುಗಿದ ಹಡಗಿನಿಂದ ಬೆಳ್ಳಿ ನಾಣ್ಯದ ಪೆಟ್ಟಿಗೆಗಳನ್ನು ಎತ್ತಿಸಿದ. ಇದೆಲ್ಲದರ ನಡುವೆ, ಅದೇ ದಿನಚರಿಯಲ್ಲಿ, ದ್ವೀಪದಲ್ಲಿ ಕಂಡ ಒಂದು ಪ್ರಾಣಿಯ ಬಗ್ಗೆಯೂ ಬರೆದಿಟ್ಟ.

ಈ ಪೆಲ್ಸಾರ್ಟ್ ನಮ್ಮ ಚರಿತ್ರೆಗೂ ಹೊರಗಿನವನಲ್ಲ. ಹಡಗೊಡೆಯುವ ಮೊದಲು ಸುಮಾರು ಏಳು ವರ್ಷ ಆಗ್ರಾದಲ್ಲಿದ್ದು ಕಂಪನಿಯ ವ್ಯವಹಾರ ನೋಡಿಕೊಂಡವನು. ಜಹಾಂಗೀರನ ಕಾಲದ ಪೇಟೆ, ನೀಲಿ ವ್ಯಾಪಾರ, ಅಮೀರರ ವೈಭವ, ಕೂಲಿಯವರ ಬಡತನ ಎಲ್ಲವನ್ನೂ ಅವನು ವಿವರವಾಗಿ ಬರೆದ ವರದಿಯನ್ನು ಇತಿಹಾಸಕಾರರು ಇಂದಿಗೂ ತಿರುವಿ ನೋಡುತ್ತಾರೆ. ಕಂಡದ್ದನ್ನು ಕಂಡ ಹಾಗೆ ಬರೆಯುವ ಆ ರೂಢಿ ದ್ವೀಪದಲ್ಲೂ ಕೈಬಿಡಲಿಲ್ಲ. ಮೊಲದಷ್ಟು ದೊಡ್ಡ ಪ್ರಾಣಿ, ಮುಂಗಾಲು ತೀರಾ ಮೋಟು, ಹಿಂಗಾಲು ಉದ್ದ, ಬಾಲವೂ ಉದ್ದ; ಕುಂಡೆಯೂರಿ ಕೂತು ಅಳಿಲಿನಂತೆ ಮುಂಗಾಲಲ್ಲಿ ಹಿಡಿದು ತಿನ್ನುತ್ತದೆ. ಹೆಣ್ಣಿನ ಹೊಟ್ಟೆಯಡಿ ಕೈ ಹೋಗುವಷ್ಟು ದೊಡ್ಡ ಚೀಲ. ಚೀಲದೊಳಗೆ ಮೊಲೆತೊಟ್ಟು, ತೊಟ್ಟಿನ ತುದಿಯಲ್ಲಿ ಅವರೆಕಾಳಿನಷ್ಟು ಮರಿ. ಮರಿ ಆ ತೊಟ್ಟಿನಿಂದಲೇ ಮೊಳೆತು ಬೆಳೆಯುತ್ತದೆ ಎಂಬುದು ಪೆಲ್ಸಾರ್ಟ್‌ನ ತೀರ್ಮಾನ.

ತೀರ್ಮಾನ ತಪ್ಪು. ಆದರೆ ನೋಟ ಸರಿಯಾಗಿಯೇ ಇತ್ತು. ಅವನು ನೋಡಿದ್ದು ಟ್ಯಾಮರ್ ವಾಲಬಿ, ಕಾಂಗರೂ ಬಳಗದ ಚಿಕ್ಕ ಜಾತಿ. ಇದರ ಮರಿ ಚೀಲಕ್ಕೆ ಬಂದು ತೊಟ್ಟನ್ನು ಬಾಯಿಗೆ ಹಾಕಿಕೊಂಡರೆ, ಬಾಯೊಳಗೆ ತೊಟ್ಟಿನ ತುದಿ ಊದಿಕೊಂಡು ಬಿಗಿಯಾಗಿ ಕೂರುತ್ತದೆ. ಮುಂದಿನ ಸುಮಾರು ನೂರು ದಿನ ಅದು ಬಾಯಿ ಬಿಡುವುದಿಲ್ಲ. ಮಾವಿನ ಮಿಡಿ ತೊಟ್ಟಿಗೆ ಹತ್ತಿಕೊಂಡ ಹಾಗೆ ಹತ್ತಿಕೊಂಡಿರುವ ಅದನ್ನು ಎಳೆದು ನೋಡಿದ ಯಾರೇ ಆದರೂ, ಇದು ಇಲ್ಲೇ ಮೊಳೆತದ್ದು ಎಂದೇ ಹೇಳುತ್ತಿದ್ದರು.

ಆ ಅವರೆಕಾಳಿನೊಳಗೆ ನಡೆಯುತ್ತಿದ್ದ ಕೆಲಸವನ್ನು ಪೆಲ್ಸಾರ್ಟ್ ನೋಡುವುದು ಸಾಧ್ಯವೇ ಇರಲಿಲ್ಲ. ನಮ್ಮಲ್ಲಿ, ಹಸುವಿನಲ್ಲಿ, ಇಲಿಯಲ್ಲಿ ಗರ್ಭಕೋಶದ ಕತ್ತಲೆಯಲ್ಲಿ ಮುಗಿದುಹೋಗುವ ಮಿದುಳಿನ ಮುಖ್ಯ ಕಟ್ಟಡ ಕೆಲಸ ಅಲ್ಲಿ ಹೊರಗೆ, ತೊಟ್ಟಿನ ತುದಿಯಲ್ಲಿ, ತಿಂಗಳುಗಟ್ಟಲೆ ನಡೆಯುತ್ತದೆ. ಇದು ಗೊತ್ತಾಗಲು ಮನುಷ್ಯರಿಗೆ ಮತ್ತೂ ಮುನ್ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅಷ್ಟು ಕಾಲ ಹಿಡಿದದ್ದೇಕೆ ಎಂಬುದೇ ಈ ಚರಿತ್ರೆಯ ಸ್ವಾರಸ್ಯ.

ಯುರೋಪಿನವರು ಹೊಟ್ಟೆಚೀಲದ ಪ್ರಾಣಿಯನ್ನು ಮೊದಲು ಕಂಡದ್ದು ಆಸ್ಟ್ರೇಲಿಯಾದಲ್ಲಲ್ಲ, ಅಮೆರಿಕದಲ್ಲಿ. 1500ರಲ್ಲಿ ಸ್ಪೇನಿನ ನಾವಿಕ ವಿಸೆಂತೆ ಯಾನ್ಯೆಸ್ ಪಿನ್ಸೋನ್ ದಕ್ಷಿಣ ಅಮೆರಿಕದ ಕರಾವಳಿಯಲ್ಲಿ ಮರಿಗಳ ಸಮೇತ ಒಂದು ಒಪೊಸಮ್ ಹಿಡಿದು ತಂದ. ಮರಿಗಳು ದಾರಿಯಲ್ಲೇ ಸತ್ತವು. ಗ್ರನಾಡಾದಲ್ಲಿ ರಾಜ ಫರ್ಡಿನೆಂಡ್ ಮತ್ತು ರಾಣಿ ಇಸಬೆಲ್ಲ ಆ ಚೀಲದೊಳಗೆ ಬೆರಳಿಟ್ಟು ಅಚ್ಚರಿಪಟ್ಟರಂತೆ. ನರಿಯ ಮೂತಿ, ಕೋತಿಯ ಬಾಲ, ಬಾವಲಿಯ ಕಿವಿ ಎಂದು ಗೊತ್ತಿದ್ದ ಪ್ರಾಣಿಗಳ ತುಂಡುಗಳನ್ನು ಜೋಡಿಸಿ ಅದನ್ನು ವರ್ಣಿಸಿದರು.

ಹೆಸರು ಬಂದದ್ದು ಎರಡು ಶತಮಾನದ ಬಳಿಕ. ವರ್ಜೀನಿಯಾದ ವಿಲಿಯಂ ಬರ್ಡ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಹೆಣ್ಣು ಒಪೊಸಮ್ ಕೊಟ್ಟಿದ್ದ. ಅದು ಸತ್ತ ಮೇಲೆ ವೈದ್ಯ ಎಡ್ವರ್ಡ್ ಟೈಸನ್ ಕೊಯ್ದು ನೋಡಿ 1698ರಲ್ಲಿ ಸವಿವರ ವರದಿ ಪ್ರಕಟಿಸಿದ. ಲ್ಯಾಟಿನ್ ಭಾಷೆಯಲ್ಲಿ 'ಮಾರ್ಸೂಪಿಯಂ' ಎಂದರೆ ಹಣದ ಚೀಲ. ನಮ್ಮ ಅಜ್ಜಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆ ಸಂಚಿಯಂಥದ್ದು. ಟೈಸನ್ ಆ ಹೆಸರನ್ನು ಪ್ರಾಣಿಗೆ ಇಟ್ಟ, ಇಡೀ ಗುಂಪಿಗೆ ಮಾರ್ಸೂಪಿಯಲ್ ಎಂಬ ಹೆಸರು ಅಂಟಿತು. ಆ ಹೆಸರಿನಿಂದ ಒಂದು ನಷ್ಟವೂ ಆಯಿತೆನ್ನಬೇಕು. ಎಲ್ಲರ ಕಣ್ಣೂ ಸಂಚಿಯ ಮೇಲೆಯೇ ನೆಟ್ಟಿತು. ಸಂಚಿಯೇ ಇಲ್ಲದ ಮಾರ್ಸೂಪಿಯಲ್‌ಗಳು ಹಲವಿವೆ. ಅವುಗಳ ಮರಿಗಳು ಬರೀ ತೊಟ್ಟಿಗೆ ಕಚ್ಚಿಕೊಂಡು, ತಾಯಿ ಹೋದಲ್ಲೆಲ್ಲ ಜೋತಾಡುತ್ತ ಬೆಳೆಯುತ್ತವೆ. ಈ ಗುಂಪಿನ ನಿಜವಾದ ಗುರುತು ಚೀಲವಲ್ಲ, ಗರ್ಭದ ದಿನಗಳು ಕಡಿಮೆ, ಮೊಲೆಹಾಲಿನ ದಿನಗಳು ಹೆಚ್ಚು ಎಂಬುದು.

ಮರಿ ಚೀಲಕ್ಕೆ ಹೇಗೆ ಬರುತ್ತದೆ? ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳು ಈ ಒಂದು ಪ್ರಶ್ನೆಯ ಸುತ್ತ ಸುತ್ತಿದವು. ಅಮೆರಿಕದ ಹಳ್ಳಿಗರಲ್ಲಿ ಒಪೊಸಮ್ ಮೂಗಿನಿಂದ ಗರ್ಭ ಧರಿಸಿ, ಮರಿಗಳನ್ನು ಚೀಲದೊಳಕ್ಕೆ ಸೀನಿಬಿಡುತ್ತದೆ ಎಂಬ ಗಾಢವಾದ ನಂಬಿಕೆಯಿತ್ತು. ಹೆರಿಗೆಗೆ ಮುಂಚೆ ತಾಯಿ ಚೀಲದೊಳಗೆ ಮೂತಿ ತೂರಿಸಿ ನೆಕ್ಕಿ ಶುಚಿ ಮಾಡುವುದನ್ನು ಕಂಡವರು ಕಟ್ಟಿದ ಕತೆ ಅದು. ಓದಿದವರ ಊಹೆಯೂ ಅದಕ್ಕಿಂತ ಬಹಳ ಮುಂದೇನೂ ಇರಲಿಲ್ಲ. ಆ ಕಾಲದ ಬ್ರಿಟನ್ನಿನ ದೊಡ್ಡ ಅಂಗರಚನಾ ತಜ್ಞ ರಿಚರ್ಡ್ ಓವನ್ ಲಂಡನ್ನಿನ ಮೃಗಾಲಯದ ಕಾಂಗರೂಗಳನ್ನು ಅಭ್ಯಾಸ ಮಾಡಿ 1834ರಲ್ಲಿ ಬರೆದ ಪ್ರಬಂಧದಲ್ಲಿ, ತಾಯಿಯೇ ತುಟಿಯಲ್ಲಿ ಮರಿಯನ್ನು ಎತ್ತಿ ತೊಟ್ಟಿಗೆ ಇಡುತ್ತಿರಬೇಕು ಎಂಬ ಅಭಿಪ್ರಾಯಕ್ಕೆ ಬಂದ. ಕಣ್ಣು ಮುಚ್ಚಿದ, ಕಿವಿ ಮೂಡದ, ಹಿಂಗಾಲು ಇನ್ನೂ ಮೊಳಕೆಯಂತಿರುವ ಮಾಂಸದ ತುಣುಕು ತಾನಾಗಿ ದಾರಿ ಹುಡುಕಿಕೊಂಡು ಹೋದೀತೆಂದು ಅವನಿಗೆ ತೋರಲಿಲ್ಲ.

ಈ ತಿಳಿವಳಿಕೆ ಬದಲಾದದ್ದು ಟೆಕ್ಸಾಸ್‌ನ ಆಸ್ಟಿನ್ ಪಟ್ಟಣದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಕಾರ್ಲ್ ಹಾರ್ಟ್‌ಮನ್ ಒಪೊಸಮ್‌ಗಳನ್ನು ಸಾಕಿಕೊಂಡು ಅವುಗಳ ಭ್ರೂಣ ಹೇಗೆ ಬೆಳೆಯುತ್ತದೆಂದು ಹಂತ ಹಂತವಾಗಿ ಪರೀಕ್ಷಿಸುತ್ತಿದ್ದ. ದಿನ ತುಂಬಿದ ತಾಯಿಯೊಂದನ್ನು ಗುರುತಿಸಿ, ಹೆರಿಗೆಯ ಕಾವಲಿಗೆ ರಾತ್ರಿ ಎದ್ದು ಕೂತ. ಅವನು ಕಂಡದ್ದನ್ನು 1920ರಲ್ಲಿ ಪ್ರಕಟಿಸಿದ. ತಾಯಿ ಬೆನ್ನು ಬಾಗಿಸಿ ಕೂತಿತು. ಮರಿ ಹೊರಬಿದ್ದಿತು, ತಾಯಿ ಅದರ ಮೈಮೇಲಿನ ನೀರನ್ನು ನೆಕ್ಕಿತು, ಅಷ್ಟೇ. ಎತ್ತಲಿಲ್ಲ, ಇಡಲಿಲ್ಲ. ಮರಿ ಒಂದು ಕೈ ಮುಂದಿಟ್ಟು ಕೂದಲು ಹಿಡಿಯಿತು, ಮತ್ತೊಂದು ಕೈ ಮುಂದಿಟ್ಟಿತು. ನೀರಿನಲ್ಲಿ ಕೈ ಬೀಸುವ ಈಜುಗಾರನಂತೆ ತಲೆಯನ್ನು ಆಚೀಚೆ ಆಡಿಸುತ್ತ ಮೂರಂಗುಲದಷ್ಟು ದಾರಿಯನ್ನು ಹತ್ತಿ ಚೀಲದೊಳಗೆ ಇಳಿದುಹೋಯಿತು. ಹಿಂದೆಯೇ ಇನ್ನೊಂದು, ಮತ್ತೊಂದು.

ಈ ಮರಿಯ ಅಳತೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಒಪೊಸಮ್ ಗರ್ಭದಲ್ಲಿ ಇರುವುದು ಹದಿಮೂರು ದಿನಕ್ಕೂ ಕಡಿಮೆ. ಹುಟ್ಟಿದಾಗ ತೂಕ ಒಂದು ಗ್ರಾಂನ ಏಳನೇ ಒಂದು ಪಾಲಿನಷ್ಟು, ಜೇನುನೊಣದಷ್ಟು ಎನ್ನಬಹುದು. ಒಂದು ಚಹಾ ಚಮಚದಲ್ಲಿ ಇಡೀ ಸಂಸಾರ ಹಿಡಿಯುತ್ತದೆ. ಇಪ್ಪತ್ತಕ್ಕೂ ಹೆಚ್ಚು ಮರಿ ಹುಟ್ಟುವುದುಂಟು, ತೊಟ್ಟುಗಳು ಸಾಮಾನ್ಯವಾಗಿ ಹದಿಮೂರು. ತೊಟ್ಟು ಸಿಕ್ಕದ ಮರಿಗೆ ಬದುಕಿಲ್ಲ. ಬೆರಳ ತುದಿಯ ಪುಟ್ಟ ಉಗುರುಗಳು ಈ ಒಂದು ಪ್ರಯಾಣಕ್ಕಾಗಿಯೇ ಇದ್ದವು ಎಂಬಂತೆ ಹುಟ್ಟಿದ ಕೆಲವು ದಿನಗಳಲ್ಲೇ ಉದುರಿಹೋಗುತ್ತವೆ.

ಹಾರ್ಟ್‌ಮನ್ ಆ ರಾತ್ರಿ ಕಂಡದ್ದು ಮಿದುಳಿನ ಕುರಿತಾದ ಒಂದು ದೊಡ್ಡ ಪ್ರಶ್ನೆಯೂ ಆಗಿತ್ತು. ಈ ಮರಿಗೆ ಹತ್ತಲು ತಿಳಿಸಿದವರು ಯಾರು?

ಸಸ್ತನಿಯ ಮಿದುಳಿನಲ್ಲಿ ಎಲ್ಲಕ್ಕಿಂತ ಹೊರಗಿನ ಹೊದಿಕೆಗೆ ತೊಗಟೆ ಎನ್ನುತ್ತೇವೆ. ನೋಟ, ಸ್ಪರ್ಶ, ನೆನಪು, ಯೋಚನೆ, ಬೇಕೆಂದು ಕೈಕಾಲು ಆಡಿಸುವುದು ಎಲ್ಲದರಲ್ಲೂ ಅದರ ಪಾತ್ರ ದೊಡ್ಡದು. ಬೆಳೆದ ತೊಗಟೆಯಲ್ಲಿ ಆರು ಪದರ. ಮನುಷ್ಯನ ಮಗುವಿನಲ್ಲಿ ಈ ಪದರಗಳ ನರಕೋಶಗಳು ಬಹುಪಾಲು ತಾಯಿಯ ಹೊಟ್ಟೆಯಲ್ಲೇ ಹುಟ್ಟಿ, ತಮ್ಮ ತಮ್ಮ ಜಾಗ ಸೇರಿಬಿಡುತ್ತವೆ. ಆಗತಾನೆ ಹುಟ್ಟಿದ ಟ್ಯಾಮರ್ ಮರಿಯಲ್ಲಿ ಆರು ಪದರ ಹಾಗಿರಲಿ, ಅವು ಏಳಬೇಕಾದ ಪಾಯವೇ ಸರಿಯಾಗಿ ಬಿದ್ದಿರುವುದಿಲ್ಲ. ಎರಡೇ ಎರಡು ಪದರ: ಒಳಗೆ ಕೋಶಗಳು ಒಡೆದು ಮರಿಯಾಗುವ ಕಣ, ಹೊರಗೆ ಒಂದು ತೆಳು ಅಂಚು. ನಮ್ಮಲ್ಲಿ ಗರ್ಭದ ಎರಡನೆಯ ತಿಂಗಳ ಭ್ರೂಣದಲ್ಲಿ ಕಾಣುವ ಚಿತ್ರ ಅದು. ಹೀಗಿದ್ದೂ ಮರಿ ಹತ್ತುತ್ತದೆ, ಚೀಪುತ್ತದೆ, ಉಸಿರಾಡುತ್ತದೆ. ಕುತ್ತಿಗೆಯ ಮಟ್ಟದ ಬೆನ್ನುಹುರಿ, ಅದರ ಮೇಲಿನ ಮಿದುಳುಕಾಂಡ, ಅಲ್ಲಿಂದ ಮುಖಕ್ಕೂ ನಾಲಗೆಗೂ ಮುಂಗಾಲಿಗೂ ಹೋಗುವ ನರಗಳು ಇಷ್ಟು ಮಾತ್ರ ಅವಸರದಲ್ಲಿ ಸಿದ್ಧವಾಗಿರುತ್ತವೆ. ಮಿಕ್ಕದ್ದೆಲ್ಲ ಆಮೇಲೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಸ್ಮಿತ್ 1990ರ ದಶಕದಲ್ಲಿ ಹಲವು ಸಸ್ತನಿಗಳ ಭ್ರೂಣಗಳನ್ನು ಹೋಲಿಸಿ ಇದನ್ನು ಸ್ಪಷ್ಟವಾಗಿ ತೋರಿಸಿದರು: ಮಾರ್ಸೂಪಿಯಲ್ ಮರಿಯಲ್ಲಿ ಬಾಯಿ, ನಾಲಗೆ, ದವಡೆಯ ಕೆಲಸ ಮುಂದಕ್ಕೆ ಬಂದಿದೆ, ಮಿದುಳಿನ ಮುಂಭಾಗದ ಕೆಲಸ ಹಿಂದಕ್ಕೆ ಉಳಿದಿದೆ.

ಆದರೆ ಇಷ್ಟು ತಿಳಿಯುವ ಮುಂಚೆ ಇನ್ನೊಂದು ತಪ್ಪು ತೀರ್ಪು ಬಹುಕಾಲ ಆಳಿತು. ಅದರ ಬೇರೂ ಓವನ್‌ನಲ್ಲೇ ಇದೆ. 1837ರಲ್ಲಿ ಅವನು ಮಾರ್ಸೂಪಿಯಲ್‌ಗಳ ಮಿದುಳಿನ ರಚನೆಯ ಬಗ್ಗೆ ಒಂದು ಮುಖ್ಯ ಪ್ರಬಂಧ ಬರೆದ. ನಮ್ಮ ಮಿದುಳಿನ ಎಡ, ಬಲ ಅರ್ಧಗಳನ್ನು ಬೆಸೆಯುವ ದೊಡ್ಡದೊಂದು ನರಸೇತುವೆಯಿದೆ, ಕಾರ್ಪಸ್ ಕ್ಯಾಲೋಸಮ್. ಸುಮಾರು 20 ಕೋಟಿ ನರತಂತುಗಳ ಹೆದ್ದಾರಿ ಅದು. ಕಾಂಗರೂ ಬಳಗದಲ್ಲಿ ಅದು ಇಲ್ಲ ಎಂದು ಓವನ್ ಹೇಳಿದ. ಇದೆ, ಇಲ್ಲ ಎಂಬ ವಾದ ದಶಕಗಳ ಕಾಲ ನಡೆಯಿತು. ಕೊನೆಗೆ ಓವನ್ ಮಾತೇ ನಿಂತಿತು. ಅದನ್ನು ಗಟ್ಟಿಮಾಡಿದವರಲ್ಲಿ ಮುಖ್ಯರು ಆಸ್ಟ್ರೇಲಿಯಾದ ಗ್ರಾಫ್ಟನ್‌ನಲ್ಲಿ 1871ರಲ್ಲಿ ಹುಟ್ಟಿದ ಗ್ರಾಫ್ಟನ್ ಎಲಿಯಟ್ ಸ್ಮಿತ್. ಮುಂದೆ ಕೈರೋದಲ್ಲಿ ಈಜಿಪ್ಟಿನ ಮಮ್ಮಿಗಳ ಅಧ್ಯಯನದಿಂದ ಹೆಸರಾದ ಈ ವೈದ್ಯರ ಮೊದಲ ಒಲವು ತಮ್ಮ ನೆಲದ ಪ್ರಾಣಿಗಳ ಮಿದುಳು. ಎರಡು ಅರ್ಧಗಳ ನಡುವಿನ ಓಡಾಟ ಮಾರ್ಸೂಪಿಯಲ್‌ಗಳಲ್ಲಿ ಕೆಳಗಿನ ಇನ್ನೊಂದು ಹಳೆಯ ಸೇತುವೆಯ ಮೂಲಕ ನಡೆಯುತ್ತದೆ ಎಂದೂ, ಕಾಂಗರೂ, ವಾಲಬಿಗಳ ಬಳಗದಲ್ಲಿ ಅದಕ್ಕೆ ಹೆಚ್ಚುವರಿಯಾಗಿ ಒಂದು ಅಡ್ಡದಾರಿಯೂ ಬೆಳೆದಿದೆ ಎಂದೂ ಅವರು ತೋರಿಸಿದರು.

ಅಂಗರಚನೆಯ ಮಾತು ನಿಜವಾಗಿತ್ತು. ಅದರಿಂದ ಎಳೆದ ತೀರ್ಪು ನ್ಯಾಯವಾದುದಲ್ಲ. ಸೇತುವೆಯಿಲ್ಲ, ಮಾಸು ಅರೆಬರೆ, ಮರಿ ಅಪೂರ್ಣ. ಆದ್ದರಿಂದ ಇವು ಸಸ್ತನಿಗಳ ಮೆಟ್ಟಿಲಿನಲ್ಲಿ ಕೆಳಗಿನವು, ಪೆದ್ದು ಪ್ರಾಣಿಗಳು ಎಂಬ ಮಾತು ಪಠ್ಯಪುಸ್ತಕಗಳವರೆಗೂ ಹರಿದುಬಂತು. ವೆರಾ ವೈಸ್‌ಬೆಕರ್ ಮತ್ತು ಅಂಜಲಿ ಗೋಸ್ವಾಮಿ 2010ರಲ್ಲಿ ನೂರಾರು ಪ್ರಭೇದಗಳ ಮಿದುಳಿನ ಗಾತ್ರವನ್ನು ಮೈಗಾತ್ರಕ್ಕೆ ಹೋಲಿಸಿ ಲೆಕ್ಕ ಹಾಕಿದರು. ಅಸಾಧಾರಣವಾಗಿ ದೊಡ್ಡ ಮಿದುಳಿನ ಕೋತಿ, ವಾನರ, ಮನುಷ್ಯರ ಗುಂಪನ್ನು ಬದಿಗಿಟ್ಟರೆ ಮಾರ್ಸೂಪಿಯಲ್‌ಗಳ ಮಿದುಳು ಉಳಿದ ಸಸ್ತನಿಗಳಿಗಿಂತ ಒಟ್ಟಾರೆ ಚಿಕ್ಕದೇನೂ ಅಲ್ಲ ಎಂದು ಕಂಡುಬಂತು. ಗರ್ಭದಲ್ಲಿ ಉಳಿದ ಬಾಕಿಯನ್ನು ಅವು ಹಾಲಿನಲ್ಲಿ ತೀರಿಸಿಕೊಳ್ಳುತ್ತವೆ.

ಮರಳಿ ಪೆಲ್ಸಾರ್ಟ್‌ನ ವಾಲಬಿಗೆ ಬರೋಣ. ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಅದೇ ಟ್ಯಾಮರ್ ವಾಲಬಿ ಕ್ಯಾನ್‌ಬೆರಾದ ಪ್ರಯೋಗಾಲಯಗಳಿಗೆ ಬಂತು. ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪದಿಂದ ತಂದ ಪ್ರಾಣಿಗಳನ್ನು ಸಾಕಿ ಅವುಗಳ ಬಸಿರು, ಹೆರಿಗೆ, ಹಾಲೂಡಿಕೆಗಳ ಅಧ್ಯಯನವನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಹ್ಯೂ ಟಿಂಡೇಲ್-ಬಿಸ್ಕೋ ಪ್ರಮುಖರು. ಇಲ್ಲೊಂದು ಭಾರತದ ಎಳೆಯಿದೆ. ಶ್ರೀನಗರದಲ್ಲಿ ಇಂದಿಗೂ ಹೆಸರುಳಿಸಿಕೊಂಡಿರುವ ಶಾಲೆಯನ್ನು ಬೆಳೆಸಿದ ಸೆಸಿಲ್ ಟಿಂಡೇಲ್-ಬಿಸ್ಕೋ ಅವರ ಮೊಮ್ಮಗ ಇವರು. ಅಜ್ಜನ ಕಾಶ್ಮೀರದ ಬದುಕಿನ ಬಗ್ಗೆ ಇಳಿವಯಸ್ಸಿನಲ್ಲಿ ಒಂದು ಪುಸ್ತಕವನ್ನೂ ಬರೆದರು. ಅವರ ಜೊತೆಗೂ ಆಮೇಲೆ ಮೆಲ್ಬರ್ನ್‌ನಲ್ಲೂ ಮೆರಿಲಿನ್ ರೆನ್‌ಫ್ರೀ ಈ ಕೆಲಸವನ್ನು ಬಹಳ ದೂರ ಒಯ್ದರು.

ಟ್ಯಾಮರ್‌ನ ವರ್ಷಚಕ್ರ ಪಂಚಾಂಗದಷ್ಟು ನಿಖರ. ಡಿಸೆಂಬರ್ 22ರ ಸುಮಾರಿಗೆ, ನಮಗೆ ಧನುರ್ಮಾಸದ ಚಳಿಯಿರುವಾಗ, ಅಲ್ಲಿ ವರ್ಷದ ಅತಿ ಉದ್ದದ ಹಗಲು. ಆಮೇಲೆ ಹಗಲು ಗಿಡ್ಡವಾಗತೊಡಗಿದ್ದೇ ತಡ, ತಾಯಿಯ ಗರ್ಭದಲ್ಲಿ ಸುಮಾರು ಹನ್ನೊಂದು ತಿಂಗಳಿಂದ ನೂರರಷ್ಟೂ ಇಲ್ಲದ ಕೋಶಗಳ ಚೆಂಡಾಗಿ ನಿದ್ರಿಸುತ್ತಿದ್ದ ಭ್ರೂಣ ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡ ಮೇಲೆ ಬೇಕಾದದ್ದು ಒಂದು ತಿಂಗಳಿಗೂ ಕಡಿಮೆ. ನಮ್ಮಲ್ಲಿ ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಅಲ್ಲಿ ಮರಿ ಹುಟ್ಟುತ್ತದೆ. ತಾಯಿಯ ತೂಕ ಸುಮಾರು 5 ಕಿಲೋ, ಮರಿಯದು 0.4 ಗ್ರಾಂ. ತಾಯಿಯ ಹನ್ನೆರಡೂವರೆ ಸಾವಿರ ಪಾಲಿನಲ್ಲಿ ಒಂದು ಪಾಲು ಅದು.

ಅಲ್ಲಿಂದ ನೂರು ದಿನ ತೊಟ್ಟಿನ ಸೆರೆ. ತೊಗಟೆ ಪದರಪದರವಾಗಿ ಏಳುವ ಕಾಲ ಇದು. ಮೊದಲು ಹುಟ್ಟಿದ ನರಕೋಶಗಳು ಒಳಪದರದಲ್ಲಿ ನೆಲೆಯಾಗುತ್ತವೆ. ಆಮೇಲೆ ಹುಟ್ಟಿದವು ಅವನ್ನು ದಾಟಿ ಮೇಲಕ್ಕೆ ಹತ್ತಿ ಹೊರಪದರ ಸೇರುತ್ತವೆ. ಮನುಷ್ಯನಲ್ಲೂ ಇಲಿಯಲ್ಲೂ ಕಾಣುವ ಕ್ರಮವೇ ಇಲ್ಲೂ ಇದೆ, ಕೈತುಂಬ ಸಮಯ ಇಟ್ಟುಕೊಂಡು ಮಾಡಿದ ಕೆಲಸದಂತೆ. ನಾಲ್ಕು ತಿಂಗಳ ಹೊತ್ತಿಗೆ ಕಿವಿ ಕೇಳಿಸತೊಡಗುತ್ತದೆ. ಜೂನ್ ನಡುವೆ, ಇಲ್ಲಿ ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ, ಹುಟ್ಟಿ 140 ದಿನಕ್ಕೆ, ಕಣ್ಣು ತೆರೆಯುತ್ತದೆ. ಆಗಸ್ಟಿನಲ್ಲಿ ಮೊದಲ ಸಲ ಚೀಲದಿಂದ ಹೊರಗೆ ಬಂದು, ಗಾಬರಿಯಾಗಿ ಮತ್ತೆ ಒಳಗೆ ಧುಮುಕುತ್ತದೆ. ನವರಾತ್ರಿಯ ಹೊತ್ತಿಗೆ ಚೀಲ ಬಿಟ್ಟಿರುತ್ತದೆ, ತಲೆ ಮಾತ್ರ ಒಳಗೆ ತೂರಿಸಿ ಹಾಲು ಕುಡಿಯುವುದು ಇನ್ನೂ ಬಾಕಿ.

ಈ ನಿಧಾನವೇ ವಿಜ್ಞಾನಿಗಳಿಗೆ ವರವಾಯಿತು. ಇಲಿಯ ಹೊಟ್ಟೆಯಲ್ಲಿ ಮಿದುಳಿನ ಒಂದು ಹಂತ ಮುಗಿದು ಇನ್ನೊಂದು ಶುರುವಾಗುವುದಕ್ಕೆ ಕೆಲವು ಗಂಟೆ ಸಾಕು. ಅದನ್ನು ನೋಡಬೇಕೆಂದರೆ ತಾಯಿಯ ಹೊಟ್ಟೆ ಕೊಯ್ಯಬೇಕು. ವಾಲಬಿಯಲ್ಲಿ ಅದೇ ಹಂತಗಳು ವಾರ, ತಿಂಗಳುಗಳಲ್ಲಿ ಹರಡಿಕೊಂಡಿವೆ, ಮರಿ ಕಣ್ಣೆದುರಿಗೇ ಇದೆ. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ರಿಚರ್ಡ್ ಮಾರ್ಕ್, ಲಾರೆನ್ ಮರೋಟ್ ಮತ್ತು ಸಿಡ್ನಿಯ ಫಿಲ್ ವೇಟ್ ಇದನ್ನು ಮೀಸೆಗೂದಲಿನ ಮೂಲಕ ನೋಡಿದರು. ಮೂತಿಯ ಪ್ರತಿಯೊಂದು ಮೀಸೆಗೂದಲಿಗೂ ಮಿದುಳಿನಲ್ಲಿ ಒಂದೊಂದು ಮನೆಯಿದೆ. ಕೂದಲಿನ ಬುಡದ ನರ ಮೊದಲು ಮಿದುಳುಕಾಂಡಕ್ಕೆ, ಅಲ್ಲಿಂದ ಥಲಾಮಸ್ ಎಂಬ ನಡುಮನೆಗೆ, ಕೊನೆಗೆ ತೊಗಟೆಗೆ ತಂತು ಕಳಿಸುತ್ತದೆ. ಮೀಸೆಗೂದಲುಗಳ ಸಾಲುಗಳ ನಕ್ಷೆ ಈ ಮೂರು ಮೆಟ್ಟಿಲುಗಳಲ್ಲಿ ಒಂದಾದ ಮೇಲೊಂದು ಮೂಡುವುದನ್ನು ಬಿಡಿಬಿಡಿಯಾಗಿ ನೋಡಲು ಸಿಕ್ಕಿತು. ನರತಂತು ಮೊದಲು ಬಂದು ತಲುಪುತ್ತದೆ, ನಕ್ಷೆ ವಾರಗಳು ಕಳೆದ ಮೇಲೆ ಮೂಡುತ್ತದೆ. ಇಲಿಯಲ್ಲಿ ಇವೆರಡೂ ಒತ್ತೊತ್ತಾಗಿ ನಡೆಯುವುದರಿಂದ ಬೇರ್ಪಡಿಸಿ ನೋಡುವುದು ಕಷ್ಟ.

ಇದೇ ಕಾಲದಲ್ಲಿ ಇನ್ನೊಂದು ಪ್ರಾಣಿ ರಂಗಕ್ಕೆ ಬಂತು. ಬ್ರೆಜಿಲ್‌ನ ಮೋಟುಬಾಲದ ಬೂದು ಒಪೊಸಮ್. ಇಲಿಗಿಂತ ತುಸು ದೊಡ್ಡದು, ಚೀಲವಿಲ್ಲ, ಗರ್ಭ ಹದಿನಾಲ್ಕು ದಿನ, ಮರಿ 0.1 ಗ್ರಾಂ. 1970ರ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ತಂದ ಕೆಲವೇ ಪ್ರಾಣಿಗಳಿಂದ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಜಾನ್ ವಾಂಡೆಬರ್ಗ್ ದೊಡ್ಡ ಸಂತತಿ ಬೆಳೆಸಿದರು. ಪೂರ್ತಿ ಜೀನೋಮ್ ಓದಿದ ಮೊದಲ ಮಾರ್ಸೂಪಿಯಲ್ ಇದೇ, 2007ರಲ್ಲಿ. ಟ್ಯಾಮರ್‌ನದು 2011ರಲ್ಲಿ ಬಂತು.

ಈ ಒಪೊಸಮ್ ಮರಿಯ ಮಿದುಳು, ಬೆನ್ನುಹುರಿ ಎರಡೂ ಎಷ್ಟು ಚಿಕ್ಕವೆಂದರೆ ಇಡಿಯಾಗಿ ತೆಗೆದು ಪೋಷಕ ದ್ರವದಲ್ಲಿ ದಿನಗಟ್ಟಲೆ ಜೀವಂತ ಇಡಬಹುದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಜಾನ್ ನಿಕೋಲ್ಸ್ ಮತ್ತು ಅವರ ಜೊತೆ ನಾರ್ಮನ್ ಸಾಂಡರ್ಸ್ 1990ರ ಸುಮಾರಿನಿಂದ ಇದನ್ನು ಮಾಡಿ ನೋಡಿದರು. ಬೆನ್ನುಹುರಿ ಕತ್ತರಿಸಿದರೆ ಬೆಳೆದ ಸಸ್ತನಿಯಲ್ಲಿ ಅದು ಮತ್ತೆ ಕೂಡುವುದಿಲ್ಲ; ಅಪಘಾತದಲ್ಲಿ ಬೆನ್ನುಮೂಳೆಗೆ ಪೆಟ್ಟು ಬಿದ್ದು ಹಾಸಿಗೆ ಹಿಡಿದವರ ಮನೆಯವರಿಗೆ ಈ ಸಂಗತಿ ಯಾರೂ ಹೇಳಿಕೊಡಬೇಕಾಗಿಲ್ಲ. ಒಪೊಸಮ್ ಮರಿಯಲ್ಲಿ ಕೂಡಿತು. ಕತ್ತರಿಸಿದ ಜಾಗ ದಾಟಿ ನರತಂತುಗಳು ಬೆಳೆದವು, ಸಂಕೇತಗಳು ಮತ್ತೆ ಹರಿದವು. ಬದುಕಿರುವ ಮರಿಗಳಲ್ಲೂ ಹೀಗೆಯೇ ಆಯಿತು. ಆದರೆ ಈ ಶಕ್ತಿಗೆ ಗಡುವಿದೆ. ಕುತ್ತಿಗೆಯ ಭಾಗದ ಬೆನ್ನುಹುರಿಯಲ್ಲಿ ಹುಟ್ಟಿದ ಒಂಬತ್ತನೆಯ ದಿನದವರೆಗೆ ಇದ್ದದ್ದು ಹನ್ನೆರಡನೆಯ ದಿನದ ಹೊತ್ತಿಗೆ ಹೋಗಿಬಿಡುತ್ತದೆ. ಆ ಮೂರು ದಿನಗಳಲ್ಲಿ ಬದಲಾಗುವುದೇನು ಎಂಬ ಹುಡುಕಾಟ ಇಂದಿಗೂ ನಡೆದಿದೆ. ಈ ಇಡೀ ಚರಿತ್ರೆಯಲ್ಲಿ ಮನುಷ್ಯನಿಗೆ ನೇರವಾಗಿ ಉಪಕಾರವಾಗಬಲ್ಲ ಪ್ರಶ್ನೆ ಯಾವುದೆಂದರೆ ಇದೇ.

ಹಾಲಿನ ಮಾತನ್ನೂ ಹೇಳಲೇಬೇಕು, ಏಕೆಂದರೆ ಇಲ್ಲಿ ಮಾಸಿನ ಕೆಲಸವನ್ನು ಹಾಲು ವಹಿಸಿಕೊಂಡಿದೆ. ಹಸು ಈದ ಮೊದಲ ದಿನಗಳ ಗಿಣ್ಣುಹಾಲು ಬೇರೆ, ಆಮೇಲಿನ ಹಾಲು ಬೇರೆ ಎಂದು ನಮಗೆ ಗೊತ್ತು. ಟ್ಯಾಮರ್‌ನಲ್ಲಿ ಈ ಬದಲಾವಣೆ ತಿಂಗಳುಗಟ್ಟಲೆ ನಡೆಯುತ್ತದೆ. ಮೊದಮೊದಲು ತೆಳ್ಳಗಿನ, ಸಕ್ಕರೆಯಂಶ ಹೆಚ್ಚಿರುವ ಹಾಲು. ಮರಿ ಹೊರಬರುವ ಕಾಲಕ್ಕೆ ಕೊಬ್ಬು ತುಂಬಿದ ಗಟ್ಟಿ ಹಾಲು. ನಡುನಡುವೆ ಪ್ರೋಟೀನುಗಳೂ ಬದಲಾಗುತ್ತವೆ. ಎಳೆಯ ಮರಿಯೊಂದನ್ನು ತೆಗೆದು, ಹೆಚ್ಚು ದಿನದ ಹಾಲು ಕೊಡುತ್ತಿರುವ ಸಾಕುತಾಯಿಯ ತೊಟ್ಟಿಗೆ ಹಚ್ಚಿದರೆ ಅದು ತನ್ನ ವಯಸ್ಸಿಗೆ ಮೀರಿ ಬೇಗ ಬೆಳೆಯುತ್ತದೆ. ಬೆಳವಣಿಗೆಯ ಗಡಿಯಾರ ಮರಿಯಲ್ಲಿ ಮಾತ್ರವಿಲ್ಲ, ತಾಯಿಯ ಕೆಚ್ಚಲಿನಲ್ಲೂ ಇದೆ ಎಂದಾಯಿತು. ಕಾಂಗರೂ ತಾಯಿಯೊಂದು ಒಂದು ತೊಟ್ಟಿನಲ್ಲಿ ಹಸುಗೂಸಿಗೆ ತೆಳುಹಾಲನ್ನೂ, ಪಕ್ಕದ ತೊಟ್ಟಿನಲ್ಲಿ ಚೀಲ ಬಿಟ್ಟ ಹಿರಿಯ ಮರಿಗೆ ಗಟ್ಟಿಹಾಲನ್ನೂ ಏಕಕಾಲಕ್ಕೆ ಕೊಡುತ್ತಿರುತ್ತದೆ. ಒಂದೇ ಮೈ, ಒಂದೇ ರಕ್ತ, ಎರಡು ಬೇರೆ ಹಾಲು. ಇದಕ್ಕಿಂತ ಸೊಗಸಾದ ಏರ್ಪಾಡನ್ನು ಸಸ್ತನಿ ಲೋಕದಲ್ಲಿ ಹುಡುಕುವುದು ಕಷ್ಟ.

ಓವನ್ ಎತ್ತಿದ ಸೇತುವೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತೀರ ಈಚೆಗೆ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ರೊಡ್ರಿಗೊ ಸುವಾರೆಸ್, ಲಾರಾ ಫೆನ್ಲನ್, ಲಿಂಡಾ ರಿಚರ್ಡ್ಸ್ ಆರಿಸಿಕೊಂಡದ್ದು ದಪ್ಪಬಾಲದ ಡನಾರ್ಟ್. ಅಂಗೈಯಲ್ಲಿ ಹಿಡಿಯುವ, ಹುಳ ತಿಂದು ಬದುಕುವ, ಮೂತಿ ಚೂಪಾದ ಪ್ರಾಣಿ. ಅದರ ಮರಿ ಹುಟ್ಟುವಾಗ ಅಕ್ಕಿಕಾಳಿಗಿಂತ ದೊಡ್ಡದಲ್ಲ. ಇದೇ ಕುಲದ ಜೂಲಿಯಾ ಕ್ರೀಕ್ ಡನಾರ್ಟ್‌ನ ಹಸುಗೂಸು ಶ್ವಾಸಕೋಶ ಸರಿಯಾಗಿ ಬೆಳೆಯದ ಕಾರಣ ಮೊದಲ ದಿನಗಳಲ್ಲಿ ಬಹುಮಟ್ಟಿಗೆ ಚರ್ಮದ ಮೂಲಕ ಉಸಿರಾಡುತ್ತದೆ ಎಂದು 1999ರಲ್ಲಿ ಗೊತ್ತಾಗಿತ್ತು. ಕಪ್ಪೆಯ ಹಾಗೆ ಚರ್ಮದಿಂದ ಉಸಿರಾಡುವ ಸಸ್ತನಿ! ಕ್ವೀನ್ಸ್‌ಲ್ಯಾಂಡಿನ ತಂಡ 2018ರಲ್ಲಿ ಪ್ರಕಟಿಸಿದ್ದು ಇದು: ಡನಾರ್ಟ್‌ನಲ್ಲಿ ಕಾರ್ಪಸ್ ಕ್ಯಾಲೋಸಮ್ ಇಲ್ಲದಿದ್ದರೂ ಮಿದುಳಿನ ಎಡಭಾಗದ ಯಾವ ತಾಣ ಬಲಭಾಗದ ಯಾವ ತಾಣಕ್ಕೆ ಸೇರಬೇಕೆಂಬ ನಕ್ಷೆ ನಮ್ಮದನ್ನೇ ಹೋಲುತ್ತದೆ. ಮೊಟ್ಟೆಯಿಡುವ ಪ್ಲಾಟಿಪಸ್‌ನಲ್ಲೂ ಹಾಗೆಯೇ. ಹಾಗಾದರೆ ಸಂಪರ್ಕದ ನಕ್ಷೆ ಹಳೆಯದು, ಎಲ್ಲ ಸಸ್ತನಿಗಳ ಪಿತ್ರಾರ್ಜಿತ. ಕಾರ್ಪಸ್ ಕ್ಯಾಲೋಸಮ್ ಎಂಬುದು ನಮ್ಮ ಕವಲಿನಲ್ಲಿ ಆಮೇಲೆ ತೆರೆದ ಹೊಸ ರಸ್ತೆ. ಓವನ್ ಕೊರತೆಯೆಂದು ಬರೆದದ್ದು ಕೊರತೆಯಲ್ಲ, ಹಳೆಯ ರಸ್ತೆಯಲ್ಲೇ ನಡೆಯುತ್ತಿರುವ ಸರಾಗ ಸಂಚಾರ.

ಕರ್ನಾಟಕದ ಕಾಡಿನಲ್ಲಿ ಹೊಟ್ಟೆಚೀಲದ ಪ್ರಾಣಿಯಿಲ್ಲ. ಆದರೆ ಅದರ ಹೆಸರು ನಮ್ಮ ಹೆರಿಗೆ ವಾರ್ಡುಗಳಲ್ಲಿ ದಿನವೂ ಕೇಳುತ್ತದೆ. 1970ರ ದಶಕದ ಕೊನೆಗೆ ಕೊಲಂಬಿಯದ ಬೊಗೊಟಾದಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಸಾಕಷ್ಟು ಇನ್‌ಕ್ಯುಬೇಟರ್ ಇಲ್ಲದಾಗ, ವೈದ್ಯರಾದ ಎಡ್ಗರ್ ರೇ ಮತ್ತು ಹೆಕ್ಟರ್ ಮಾರ್ಟಿನೆಸ್ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ, ಎದೆಹಾಲು ಕೊಡಿಸಿ ಉಳಿಸುವ ಕ್ರಮ ತಂದರು. ಕಾಂಗರೂ ತಾಯಿ ಆರೈಕೆ ಎಂದು ಅದಕ್ಕೆ ಹೆಸರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ರಾಜ್ಯದ ಆರೋಗ್ಯ ಇಲಾಖೆಯೊಂದಿಗೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಈ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಟ್ಟಿಸುವ ದೊಡ್ಡ ಪ್ರಯತ್ನ ನಡೆಸಿತು.

ಹೋಲಿಕೆಗೆ ಮಿತಿಯಿದೆ, ಅದನ್ನು ಮರೆಯಬಾರದು. ಏಳನೆಯ ತಿಂಗಳಲ್ಲೇ ಹುಟ್ಟಿದ ಮನುಷ್ಯರ ಮಗು ಕೂಡ ವಾಲಬಿ ಮರಿಗಿಂತ ಎಷ್ಟೋ ಮುಂದಿರುತ್ತದೆ. ಅದರ ತೊಗಟೆಯ ನರಕೋಶಗಳು ಬಹುಪಾಲು ಹುಟ್ಟಿ ಆಗಿದೆ. ವಾಲಬಿ ಮರಿ ದಿನ ತುಂಬದೆ ಹುಟ್ಟಿದ್ದಲ್ಲ, ಅದರ ದಿನ ತುಂಬಿಯೇ ಹುಟ್ಟಿದ್ದು; ಹತ್ತಲು, ಚೀಪಲು, ಉಸಿರಾಡಲು ಸಿದ್ಧವಾಗಿಯೇ ಬಂದದ್ದು. ನಮ್ಮ ಅವಧಿಪೂರ್ವ ಮಗುವಿಗೆ ಅಂಥ ಸಿದ್ಧತೆಯಿಲ್ಲ. ತಾನಾಗಿ ಹತ್ತಲಾರದು, ಎಷ್ಟೋ ಸಲ ಚೀಪಲೂ ಆರದು. ಅದಕ್ಕೆ ಎದೆಗೆ ಎತ್ತಿಕೊಳ್ಳುವ ಕೈ ಬೇಕು, ಬೆಚ್ಚಗಿನ ಮೈ ಬೇಕು, ಹಿಂಡಿ ಕೊಡುವ ಹಾಲು ಬೇಕು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು ಹುಟ್ಟಿದರೆ, ಆಸ್ಪತ್ರೆಯ ದಾದಿಯರನ್ನು ಕಾಂಗರೂ ಆರೈಕೆಯ ಬಗ್ಗೆ ಕೇಳಿ. ತಾಯಿಗೆ ದಣಿವಾದಾಗ ತಂದೆಯೂ, ಅಜ್ಜಿಯೂ ಮಗುವನ್ನು ಎದೆಗೆ ಕಟ್ಟಿಕೊಳ್ಳಬಹುದು.